ಗಣಕಯಂತ್ರದ ಪೂರ್ವಸಿದ್ಧತೆ

ರಬಕವಿ-ಬನಹಟ್ಟಿ ನೇಕಾರರ ಊರು. ಮಗ್ಗದ ಮುಂದೆ ಕುಳಿತ ಮಾತ್ರಕ್ಕೆ ನೇಯ್ಗೆ ತೊಡಗದು. ಮೊದಲು ಹಾಸನ್ನು ಹೂಡಬೇಕು. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಬೇಕು. ಆಮೇಲೆ ಲಾಳಿ ಓಡುತ್ತದೆ. ಗಣಕಯಂತ್ರದ ರೀತಿಯೂ ಇದೇ. ಗುಂಡಿಯನ್ನು ಒತ್ತಿದೊಡನೆ ಅದು ಅಂತರಜಾಲವನ್ನು ತಲುಪಲಾರದು.

ಮೊದಲು ಯಂತ್ರವು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ಬಳಿಕ ತನ್ನನ್ನು ನಡೆಸುವ ಮೂಲ ತಂತ್ರಾಂಶವನ್ನು ಡಿಸ್ಕಿನಿಂದ ಸ್ಮೃತಿಕೋಶಕ್ಕೆ ತಂದುಕೊಳ್ಳುತ್ತದೆ. ವಿಳಂಬವು ಹೆಚ್ಚಾಗಿ ಸಂಭವಿಸುವುದು ಇಲ್ಲಿಯೇ. ಹಾರ್ಡ್ ಡಿಸ್ಕಿನ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸಲ ತಿರುಗುತ್ತದೆ. ಬೇಕಾದ ಭಾಗವು ಓದುವ ಸಾಧನದ ಕೆಳಗೆ ಬರುವವರೆಗೆ ಯಂತ್ರವು ಕಾಯಲೇಬೇಕು. ಒಂದು ಸಲದ ಕಾಯುವಿಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ಅದು ಸಾವಿರಾರು ಸಲ ಒದಗಿದಾಗ ನಿಮಿಷವೇ ಕಳೆಯುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಅತ್ಯಲ್ಪ.

ಎರಡನೆಯ ಕಾರಣ, ಕರೆಯದೆ ಬರುವ ಅತಿಥಿಗಳು. ನಾವು ಸೇರಿಸಿದ ಅನೇಕ ತಂತ್ರಾಂಶಗಳು ಯಂತ್ರದೊಡನೆ ತಾವೂ ಏಳುತ್ತವೆ. ವಿಂಡೋಸ್ ಉಳ್ಳ ಗಣಕದಲ್ಲಿ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ವಿಭಾಗವನ್ನು ತೆರೆದರೆ ಅವುಗಳ ಪಟ್ಟಿ ಕಾಣುತ್ತದೆ. ಬೇಡವಾದವನ್ನು ಅಲ್ಲಿಯೇ ತಡೆಯಬಹುದು. ವೈರಸ್‌ನಿಂದ ಕಾಯುವ ತಂತ್ರಾಂಶವನ್ನು ಮಾತ್ರ ತಡೆಯಬಾರದು.

ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಇಂದು ರೈತರು ಪಹಣಿಗಾಗಿ, ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ಅರ್ಜಿಗಾಗಿ ಗಣಕಯಂತ್ರವನ್ನು ಆಶ್ರಯಿಸುತ್ತಾರೆ. ವಿದ್ಯುತ್ತು ಹೋಗಿ ಬಂದರೆ ಅದು ಮತ್ತೆ ಮೊದಲಿನಿಂದ ಏಳಬೇಕು. ಸರದಿಯಲ್ಲಿ ನಿಂತವರೆಲ್ಲ ಕಾಯಬೇಕು. ಈ ತಡಕ್ಕೆ ಅಂತರಜಾಲವನ್ನು ದೂರುವುದು ಸರಿಯಲ್ಲ. ಹಳೆಯ ಯಂತ್ರವನ್ನು ಎಸೆದು ಹೊಸದಕ್ಕೆ ಹಣ ತೆರುವ ಮುನ್ನ, ಅದು ಯಾವುದಕ್ಕಾಗಿ ಕಾಯುತ್ತಿದೆ ಎಂಬುದನ್ನು ಅರಿಯುವುದೇ ವಿವೇಕ.