ಕಲ್ಲಿನ ನಾಡಿನಿಂದ ಕಲ್ಲು ಹೊತ್ತು

ಸೇಡಂ ತಾಲ್ಲೂಕಿನ ಕೋಡ್ಲಾದಲ್ಲಿ ಕಲ್ಲಿಗೆ ಬರವಿಲ್ಲ. ನೆಲ ಅಗೆದರೆ ಸುಣ್ಣದಕಲ್ಲು. ಅದನ್ನು ನಂಬಿಯೇ ಇಲ್ಲಿಗೆ ಸಿಮೆಂಟ್ ಕಾರ್ಖಾನೆ ಬಂದದ್ದು. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳದೂ ಇದೇ ಕಥೆ. ಇಂಥ ಊರಿನ ಕ್ವಾರ್ಟರ್ಸಿನಿಂದ ವರ್ಗವಾಗಿ ಹೊರಟವರು ಲಾರಿಗೆ ಕಲ್ಲು ತುಂಬಿದ ಬಕೆಟ್ ಏರಿಸಿದರೆ, ‘ಕಲ್ಲು ಯಾಕ್ರಿ ಸಾಹೇಬ್ರ, ಹೋದಲ್ಲಿ ಸಿಗಂಗಿಲ್ಲೇನು?’ ಎಂದು ಹಮಾಲರು ನಗುವುದು ನ್ಯಾಯವೇ. ಆದರೆ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ಮನೆ ಬದಲಿಸುವಾಗ ಮೊದಲು ಜೋಪಾನ ಮಾಡುವುದು ಆ ಕಲ್ಲನ್ನೇ.

ಮೀನು ಉಸಿರಾಡಿದಷ್ಟೂ, ತಿಂದು ಬಿಟ್ಟಷ್ಟೂ ನೀರಿಗೆ ಅಮೋನಿಯಾ ಸೇರುತ್ತದೆ. ಸಮುದ್ರದ ನೀರು ಕ್ಷಾರೀಯವಾದ್ದರಿಂದ ಅಲ್ಲಿ ಈ ವಿಷದ ಕಾವು ಇನ್ನೂ ಜಾಸ್ತಿ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಮೀನನ್ನು ಬದುಕಿಸುವ ಬ್ಯಾಕ್ಟೀರಿಯಾಗಳ ಸಂಸಾರ ಕಲ್ಲಿನ ತೂತುಗಳಲ್ಲಿದೆ. ನೀರಿನಲ್ಲಿ ತೇಲುವವು ಕಡಿಮೆ. ಕಲ್ಲು ಒಣಗಿತೋ, ಆ ಸಂಸಾರ ಮುಗಿಯಿತು. ಮತ್ತೆ ಹೊಸದಾಗಿ ಬೆಳೆಯಲು ನಾಲ್ಕಾರು ವಾರ ಬೇಕು. ಮೀನಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಗಾಜಿನೊಳಗೆ ಕಡಲು ಸಾಕುವ ಹುಚ್ಚು ಹಳೆಯದು. ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗೆ ಮೀನುಮನೆ ತೆರೆದದ್ದು 1853ರಲ್ಲಿ. ಮುಂಬೈಯ ಮರೀನ್ ಡ್ರೈವಿನಲ್ಲಿ ತಾರಾಪೊರೆವಾಲಾ ಅಕ್ವೇರಿಯಂ ಬಂದದ್ದು 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರದು. ನನಗೆ ಇವೆಲ್ಲಕ್ಕಿಂತ ಹಿಡಿಸುವವನು ಜಕಾರ್ತದ ಲೀ ಚಿನ್ ಎಂಗ್. ಉಳಿದವರೆಲ್ಲ ನೀರನ್ನು ಸೋಸಿ ಸೋಸಿ ಸುಸ್ತಾಗುತ್ತಿದ್ದ ಕಾಲದಲ್ಲಿ ಅವನು ಸಮುದ್ರದ ಕಲ್ಲನ್ನು ಅದರ ಜೀವಜಂತುಗಳ ಸಮೇತ ತಂದು ತೊಟ್ಟಿಗೆ ಇಳಿಸಿದ, ಒಂದಿಷ್ಟು ಗಾಳಿಗುಳ್ಳೆ ಬಿಟ್ಟ, ಫಿಲ್ಟರಿನ ಗೊಡವೆಗೇ ಹೋಗಲಿಲ್ಲ. 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅದನ್ನು ಬರೆದ. ಕಡಲ ಪಕ್ಕದಲ್ಲಿದ್ದವನಿಗೆ ಹೊಳೆದದ್ದು ಕಡಲು ಕಾಣದ ಊರುಗಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ನಮ್ಮಲ್ಲಿ ಲೀಯ ದಾರಿ ಹಿಡಿಯುವಂತಿಲ್ಲ, ಹಿಡಿಯಲೂಬಾರದು. ದಿಬ್ಬ ಕಟ್ಟುವ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಾಗಾಗಿ ಹವ್ಯಾಸಿಗಳು ಕಲ್ಲನ್ನು ತಾವೇ ಎರಕ ಹೊಯ್ಯುತ್ತಾರೆ, ಅದೂ ಸಿಮೆಂಟಿನಿಂದ! ಸಿಮೆಂಟಿಗೆ ಕಪ್ಪೆಚಿಪ್ಪಿನ ಚೂರು, ಹರಳುಪ್ಪು ಕಲಸಿ ಗಟ್ಟಿಯಾಗಲು ಬಿಟ್ಟು ಆಮೇಲೆ ನೀರಿನಲ್ಲಿ ಮುಳುಗಿಸಿದರೆ ಉಪ್ಪು ಕರಗಿ ಮೈತುಂಬ ತೂತು. ಹೊಸ ಸಿಮೆಂಟಿನ ಕ್ಷಾರ ಮೀನನ್ನು ಸುಟ್ಟುಬಿಡುವುದರಿಂದ ನೀರು ಬದಲಿಸುತ್ತ ವಾರಗಟ್ಟಲೆ ನೆನೆಸಬೇಕು. ಶಹಾಬಾದಿನ ಫರಸಿಯನ್ನೇ ಯಾಕೆ ಇಡಬಾರದು ಎಂದು ಕೇಳುವವರಿದ್ದಾರೆ. ಅದು ಬಲು ಬಿಗಿ ಕಲ್ಲು, ಬ್ಯಾಕ್ಟೀರಿಯಾಕ್ಕೆ ಒಳಗೆ ಜಾಗವಿಲ್ಲ. ಆ ಫರಸಿಯೂ ಹವಳ ಹುಟ್ಟುವುದಕ್ಕಿಂತ ಎಷ್ಟೋ ಮೊದಲು, ಈ ಭೀಮಾ ಸೀಮೆಯ ಮೇಲೆ ನಿಂತಿದ್ದ ಆಳವಿಲ್ಲದ ಸಮುದ್ರದ ತಳದಲ್ಲೇ ಪದರಗಟ್ಟಿದ್ದು. ಕೋಡ್ಲಾದಲ್ಲಿ ಕಡಲಮೀನು ಸಾಕುವವರು ಅಂಥ ಹೊಸದೇನನ್ನೂ ಮಾಡುತ್ತಿಲ್ಲ ಎಂದು ನಾನು ವಾದಿಸಬಲ್ಲೆ.

ಸಾಗಿಸುವ ಕೆಲಸದಲ್ಲಿ ಅವಸರ ಮಾಡುವವರೇ ಕೆಡುವುದು. ಹೊರಡುವ ಒಂದೆರಡು ದಿನ ಮೊದಲೇ ಮೀನಿಗೆ ಮೇವು ನಿಲ್ಲಿಸುತ್ತಾರೆ, ದಾರಿಯಲ್ಲಿ ಚೀಲದ ನೀರು ಹೊಲಸಾಗದಿರಲಿ ಎಂದು. ಮೊದಲು ಹಳೆಯ ನೀರನ್ನು ಮುಚ್ಚಳದ ಡ್ರಮ್ಮುಗಳಿಗೆ ತುಂಬಿ, ಅದರಲ್ಲಿ ಕಲ್ಲುಗಳನ್ನು ಪೂರ್ತಿ ಮುಳುಗಿಸುತ್ತಾರೆ. ಮೀನು ಹಿಡಿಯುವುದು ಕೊನೆಗೆ: ಕಲ್ಲು ಹೋದಮೇಲೆ ಅಡಗಲು ಸಂದಿಯಿಲ್ಲ, ಗೇಣು ನೀರಿನಲ್ಲಿ ಓಡಲು ಜಾಗವೂ ಇಲ್ಲ. ಚೀಲದಲ್ಲಿ ಮೂರರಲ್ಲೊಂದು ಪಾಲು ನೀರು, ಮಿಕ್ಕದ್ದು ಆಮ್ಲಜನಕ. ಥರ್ಮಾಕೋಲ್ ಪೆಟ್ಟಿಗೆಯ ಕತ್ತಲೆ. ಕತ್ತಲಲ್ಲಿ ಮೀನು ಗಾಬರಿಯಾಗುವುದು ಕಡಿಮೆ. ತಳದ ಹಳೆಯ ಮರಳನ್ನು ಕೆದಕಿ ಹಾಗೆಯೇ ಒಯ್ಯುವುದು ಅಪಾಯ, ಗಾಳಿಯಾಡದ ಪದರದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಕೂತಿರುತ್ತದೆ. ಚೆನ್ನಾಗಿ ತೊಳೆಯಬೇಕು, ಇಲ್ಲವೇ ಬಿಟ್ಟು ಹೋಗಬೇಕು. ಗಾಜಿನ ಟ್ಯಾಂಕನ್ನಂತೂ ಪೂರ್ತಿ ಬರಿದು ಮಾಡಿಯೇ ಎತ್ತಬೇಕು.

ಹೊಸ ಮನೆಯಲ್ಲಿ ಮೊದಲು ನೆಲ ಸಮವಿದೆಯೇ ಎಂದು ಮಟ್ಟಗೋಲು ಇಟ್ಟು ನೋಡುವುದು. ಇನ್ನೂರು ಲೀಟರ್ ಟ್ಯಾಂಕೆಂದರೆ ನೀರೇ ಎರಡು ಕ್ವಿಂಟಲ್. ಫರಸಿ ಒಂದು ಮೂಲೆಯಲ್ಲಿ ಏರಿದ್ದರೂ ಗಾಜು ಸೀಳುತ್ತದೆ. ಕಡಿಮೆ ಬಿದ್ದ ನೀರನ್ನು ಹಿಂದಿನ ದಿನವೇ ಕಲಸಿಟ್ಟಿರಬೇಕು: ಆರ್‌ಒ ನೀರು, ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ. ಅಡುಗೆ ಉಪ್ಪು ನಡೆಯದು. ಸುಣ್ಣ ಹೊತ್ತ ನಮ್ಮ ಬೋರಿನ ನೀರೂ ಬೇಡ. ಕಲ್ಲು ಮೊದಲು, ಮೀನು ಆಮೇಲೆ, ಲೈಟು ಮರುದಿನ. ವಾರದವರೆಗೆ ದಿನಾ ಅಮೋನಿಯಾ ಪರೀಕ್ಷೆ.

ಕಲಬುರಗಿ ಜಿಲ್ಲೆಯ ಬಿಸಿಲಿನ ಸಂಗತಿ ಪ್ರತ್ಯೇಕವಾಗಿ ಹೇಳಬೇಕು. ವರ್ಗಾವಣೆ ಸಾಮಾನ್ಯವಾಗಿ ಮಕ್ಕಳ ರಜೆ ನೋಡಿಕೊಂಡು ಮೇ ತಿಂಗಳಲ್ಲೇ ಆಗುತ್ತದೆ. ಆಗ ಹೊರಗೆ ನಲವತ್ತು ಡಿಗ್ರಿ ದಾಟಿರುತ್ತದೆ, ಈ ಮೀನುಗಳಿಗೆ ಬೇಕಾದದ್ದು ಇಪ್ಪತ್ತೈದರ ಆಸುಪಾಸು. ಬಿಸಿಯಾದ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಮೇ ತಿಂಗಳಲ್ಲೇ ಒಯ್ಯಲೇಬೇಕಾದರೆ ರಾತ್ರಿ ಹೊರಡುವುದೊಂದೇ ದಾರಿ. ಸಾಧ್ಯವಿದ್ದವರು ಮನೆಸಾಮಾನು ಮುಂದೆ ಕಳಿಸಿ, ಟ್ಯಾಂಕನ್ನು ಮೃಗಶಿರ ಮಳೆ ಬೀಳುವವರೆಗೆ ಇಲ್ಲೇ ಬಿಡಿ. ಅಲ್ಲಿಯವರೆಗೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಕೊಟ್ಟರೆ ಸಾಕು: ಇಳಿದಷ್ಟು ನೀರಿಗೆ ಬರೀ ಆರ್‌ಒ ನೀರು ಸೇರಿಸಿ, ಉಪ್ಪು ಹಾಕಬೇಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ.