ಮೆಣಸು, ಸಾಸಿವೆ ಎಂಬ ನಾಯಿಗಳು

ಕಥೆಯೊಳಗಣ ಕಲ್ಪಿತ ಪುರುಷನೊಬ್ಬನ ಹೆಸರು ನಿಜವಾಗಿ ಬದುಕಿರುವ ಪ್ರಾಣಿಯೊಂದರ ಕುಲನಾಮವಾಗುವುದು ಅಪೂರ್ವ. ‘ಡ್ಯಾಂಡಿ ಡಿನ್ಮಾಂಟ್ ಟೆರಿಯರ್’ ಎಂಬ ಕಿರುನಾಯಿಗೆ ಅಂತಹ ಭಾಗ್ಯವೊದಗಿತು. ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿಸೀಮೆಯ ಗುಡ್ಡಗಾಡಿನಲ್ಲಿ ನೀರುನಾಯಿಗಳನ್ನೂ ಬಿಲ ತೋಡುವ ಬ್ಯಾಜರ್‌ಗಳನ್ನೂ ಬೇಟೆಯಾಡುವುದಕ್ಕಾಗಿ ರೈತರು ಇದನ್ನು ಸಾಕುತ್ತಿದ್ದರು. ಸರ್ ವಾಲ್ಟರ್ ಸ್ಕಾಟನು 1815ರಲ್ಲಿ ಪ್ರಕಟಿಸಿದ ‘ಗೈ ಮ್ಯಾನರಿಂಗ್’ ಕಾದಂಬರಿಯಲ್ಲಿ ಡ್ಯಾಂಡಿ ಡಿನ್ಮಾಂಟನೆಂಬ ರೈತನನ್ನು ಚಿತ್ರಿಸಿ, ಅವನ ನಾಯಿಗಳಿಗೆಲ್ಲ ಮೆಣಸು, ಸಾಸಿವೆ ಎಂಬ ಎರಡೇ ಹೆಸರುಗಳನ್ನಿರಿಸಿದನು. ಹಿರಿಯ ಮೆಣಸು, ಕಿರಿಯ ಮೆಣಸು, ಪುಟ್ಟ ಮೆಣಸು ಎಂದಿಷ್ಟೇ ಭೇದ. ಕಾದಂಬರಿಯು ಪ್ರಸಿದ್ಧವಾಗಲು ಆ ರೈತನ ಹೆಸರೇ ನಾಯಿಗೆ ನಿಂತಿತು. ಇಂದಿಗೂ ಈ ಜಾತಿಗೆ ಎರಡೇ ಬಣ್ಣ: ನೀಲಿಗಪ್ಪಿನಿಂದ ಬೆಳ್ಳಿಬೂದಿಯವರೆಗಿನದು ಮೆಣಸು, ಕೆಂಗಂದಿನಿಂದ ತಿಳಿಗಂದಿನವರೆಗಿನದು ಸಾಸಿವೆ.

ಇದರ ಎತ್ತರವು 8ರಿಂದ 11 ಅಂಗುಲ. ತೂಕವು 18ರಿಂದ 24 ಪೌಂಡು. ಗಿಡ್ಡ ಕಾಲು, ನೀಳವಾದ ಬೆನ್ನು, ದೊಡ್ಡ ತಲೆ, ಅದರ ಮೇಲೆ ರೇಷ್ಮೆಯಂತಹ ಬೆಳ್ಳನೆಯ ಜುಟ್ಟು. ಮನೆಯವರಲ್ಲಿ ಬಹಳ ಮಮತೆ. ಆದರೆ ಹಟವೂ ಉಂಟು. ಗದರಿಕೆಗೆ ಬಗ್ಗದು, ಸಹನೆಯಿಂದ ಹೇಳಿಕೊಟ್ಟರೆ ಕಲಿಯುವುದು. ಇಲಿಯನ್ನು ಕಂಡೊಡನೆ ಪೂರ್ವದ ಬೇಟೆಯ ವಾಸನೆಯು ಎಚ್ಚರಗೊಳ್ಳುವುದು.

ಬಿಲದೊಳಕ್ಕೆ ನುಗ್ಗಲು ನೆರವಾದ ಆ ನೀಳ ಬೆನ್ನೇ ಇದರ ಮರ್ಮಸ್ಥಾನವೂ ಆಗಿದೆ. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯು ಜರುಗಿದರೆ ಹಿಂಗಾಲುಗಳು ಸ್ವಾಧೀನ ತಪ್ಪಬಹುದು. ಆದಕಾರಣ ಮಂಚ, ಕುರ್ಚಿಗಳಿಂದ ಧುಮುಕಗೊಡಬಾರದು. ಎತ್ತುವಾಗ ಒಂದು ಕೈ ಎದೆಯ ಕೆಳಗೂ ಮತ್ತೊಂದು ಹಿಂಭಾಗದ ಕೆಳಗೂ ಇರಬೇಕು. ಮನೆಯ ಮಕ್ಕಳಿಗೆ ಇದನ್ನು ಮೊದಲು ಕಲಿಸತಕ್ಕದ್ದು. ಮೈ ಬೆಳೆದಷ್ಟೂ ಬೆನ್ನಿಗೆ ಭಾರವಾದುದರಿಂದ, ಮುದ್ದಿನಿಂದ ಹಾಕುವ ಹೆಚ್ಚಿನ ತುತ್ತು ಹಿತವಲ್ಲ.

ವಾರಕ್ಕೆ ಎರಡು ಮೂರು ಬಾರಿ ಕೂದಲನ್ನು ಬಾಚಬೇಕು. ಸತ್ತ ಕೂದಲನ್ನು ವರ್ಷದಲ್ಲಿ ಕೆಲವು ಸಲ ಕೈಯಿಂದಲೇ ಕಿತ್ತು ತೆಗೆಯುವುದು ವಾಡಿಕೆ. ಜೋಲುಗಿವಿಗಳ ಒಳಗೆ ತೇವ ನಿಲ್ಲಬಾರದು. ಕಣ್ಣಿನೊಳಗಣ ಒತ್ತಡವೇರುವ ಗ್ಲಾಕೋಮಾ ರೋಗವು ಈ ಜಾತಿಗೆ ತಗಲುವುದುಂಟು. ಕಣ್ಣು ಕೆಂಪಾದರೆ ಅಥವಾ ಮಸುಕಾದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು, ತಡಮಾಡಿದರೆ ದೃಷ್ಟಿಯೇ ಹೋದೀತು.

ಮರಿಯನ್ನು ಕೊಳ್ಳುವವರು ಜುಟ್ಟಿನ ಸೊಗಸನ್ನು ಮಾತ್ರ ನೋಡದೆ, ತಾಯಿತಂದೆಗಳ ಬೆನ್ನು ಕಣ್ಣುಗಳ ಸ್ಥಿತಿಯನ್ನು ವಿಚಾರಿಸುವುದು ಲೇಸು. ಬ್ರಿಟನ್ನಿನ ಕೆನಲ್ ಕ್ಲಬ್ಬು ವರ್ಷಕ್ಕೆ 300ಕ್ಕಿಂತ ಕಡಮೆ ಮರಿಗಳು ದಾಖಲಾಗುವ ಸ್ವದೇಶೀ ಜಾತಿಗಳನ್ನು ಅಳಿವಿನ ಭಯವುಳ್ಳವೆಂದು ಪಟ್ಟಿಮಾಡಿದೆ. ಅದರಲ್ಲಿ ಇದೂ ಸೇರಿದೆ. ಸ್ಕಾಟನು ಹೆಸರನ್ನು ಕೊಟ್ಟನು. ಕುಲವನ್ನು ಉಳಿಸುವ ಹೊಣೆಯು ಮಾತ್ರ ಸಾಕುವ ಮನೆಯವರದು.