ಹಿಂದಕ್ಕೆ ತಿರುಗುವ ಲೇತು, ಕಳಚಿಕೊಳ್ಳುವ ಚಕ್ಕು

ಜಾರ್ಜ್ ಲೇಲಿ ಇಂಗ್ಲೆಂಡಿನ ಬರ್ಕ್‌ಶೈರ್ ಸೀಮೆಯ ಬಕಲ್‌ಬರಿಯಲ್ಲಿ ಮರದ ಬಟ್ಟಲು ಕಡೆದು ಬದುಕಿದವರು. ಹುಟ್ಟಿದ್ದು 1869ರಲ್ಲಿ, ತೀರಿಕೊಂಡದ್ದು 1958ರಲ್ಲಿ. ಉಗಿಯಂತ್ರ ಬಂದು ಹಳತಾಗಿ, ವಿದ್ಯುತ್ ಮೋಟಾರು ಮನೆಮನೆಗೆ ಬಂದರೂ ಅವರು ತಮ್ಮ ತುಳಿಯುವ ಲೇತನ್ನು ಬಿಡಲಿಲ್ಲ. ತಲೆಯ ಮೇಲೆ ಬಳುಕುವ ಒಂದು ಗಳ, ಕಾಲ ಕೆಳಗೆ ಮೆಟ್ಟು, ಎರಡರ ನಡುವೆ ಕದಿರಿಗೆ ಸುತ್ತಿದ ಪಟ್ಟಿ. ಮೆಟ್ಟು ತುಳಿದರೆ ಮರ ಅವರತ್ತ ತಿರುಗುತ್ತಿತ್ತು, ಉಳಿ ಕೊರೆಯುತ್ತಿತ್ತು. ಕಾಲು ಸಡಿಲಿಸಿದರೆ ಗಳ ಪಟ್ಟಿಯನ್ನು ಮೇಲೆಳೆದುಕೊಂಡು ಮರ ಉಲ್ಟಾ ತಿರುಗುತ್ತಿತ್ತು. ಆ ಗಳಿಗೆಯಲ್ಲಿ ಉಳಿಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುವುದೇ ಕೈಯ ಕಲಿಕೆ. ಎಲ್ಮ್ ಮರದ ಒಂದೇ ತುಂಡಿನಿಂದ, ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ಕೊಕ್ಕೆ ಉಳಿ ಹಿಡಿದು ಅವರು ಬಿಡಿಸಿ ತೆಗೆಯುತ್ತಿದ್ದರು. ಎಚ್. ವಿ. ಮಾರ್ಟನ್ 1927ರ ತಮ್ಮ ಪ್ರವಾಸ ಪುಸ್ತಕ ‘ಇನ್ ಸರ್ಚ್ ಆಫ್ ಇಂಗ್ಲೆಂಡ್’ನಲ್ಲಿ ಈ ಕುಶಲಿಯ ಬಗ್ಗೆ ಬರೆದರು.

ಲೇಲಿಯವರ ಲೇತು ಇಂದು ರೆಡಿಂಗ್ ನಗರದ ಇಂಗ್ಲಿಷ್ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಅಭ್ಯಾಸ ಮಾಡಿಯೇ ರಾಬಿನ್ ವುಡ್ ಎಂಬ ಕುಶಲಕರ್ಮಿ ಕೈಬಿಟ್ಟುಹೋಗಿದ್ದ ಈ ವಿದ್ಯೆಯನ್ನು ಮತ್ತೆ ರೂಢಿಗೆ ತಂದರು. ಆದರೆ ಇಂದು ಲೇತು ಬಳಸುವವರು ಅದನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಆ ಲೇತು ತನ್ನ ಆಯುಸ್ಸಿನ ಅರ್ಧವನ್ನು ಹಿಮ್ಮುಖವಾಗಿಯೇ ತಿರುಗಿತು. ಆದರೂ ಅದರಿಂದ ಬಟ್ಟಲು ಕಳಚಿ ಯಾರ ಮುಖಕ್ಕೂ ಹಾರುವಂತಿರಲಿಲ್ಲ. ಬಟ್ಟಲಿನ ಮರವನ್ನು ಮೊಳೆಗಳಿದ್ದ ಕದಿರಿಗೆ ಬಡಿದು, ಎರಡು ಕಡೆಯಿಂದಲೂ ಕಬ್ಬಿಣದ ಮೊನೆಗಳ ನಡುವೆ ಬಿಗಿದಿರುತ್ತಿದ್ದರು. ತಿರುಪಿನಿಂದ ಬಿಚ್ಚಿಕೊಳ್ಳಬಲ್ಲ ಭಾಗವೇ ಅಲ್ಲಿರಲಿಲ್ಲ.

ಸಾವಿರಾರು ವರ್ಷ ಲೇತು ಹೀಗೇ ಇತ್ತು. ಈಜಿಪ್ಟಿನ ಪೆಟೊಸಿರಿಸ್ ಸಮಾಧಿಯ ಗೋಡೆಯಲ್ಲಿ, ಕ್ರಿ.ಪೂ. 300ರ ಆಸುಪಾಸಿನ ಉಬ್ಬುಚಿತ್ರವೊಂದಿದೆ: ಒಬ್ಬ ಹಗ್ಗ ಎಳೆಯುತ್ತಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ಚನ್ನಪಟ್ಟಣದ ಬೊಂಬೆಯವರ ಹಳೆಯ ಕೈಲೇತೂ ಇದೇ ವಂಶದ್ದು. ಬಿಲ್ಲಿನ ಹಗ್ಗ ಹೋದಾಗ ಮರ ಒಂದು ದಿಕ್ಕಿಗೆ, ಬಂದಾಗ ಇನ್ನೊಂದು ದಿಕ್ಕಿಗೆ. ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಬಣ್ಣ ಕರಗಿ ಹಿಡಿಯುತ್ತಿತ್ತು. ಅಲ್ಲೀಗ ಹೆಚ್ಚಿನ ಕೆಲಸ ಮೋಟಾರಿನ ಲೇತಿನಲ್ಲಿ ನಡೆಯುತ್ತದೆ. ಎರಡು ದಿಕ್ಕಿನ ತಾಳ ಬಲ್ಲ ಕೈಗಳು ವಿರಳವಾಗುತ್ತಿವೆ. ಈ ನಷ್ಟಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವ ಲೇತಿನ ಕನಸು ಹಳೆಯದು. ಲಿಯೊನಾರ್ಡೊ ಡ ವಿಂಚಿಯ ಹಾಳೆಗಳಲ್ಲೇ ಮೆಟ್ಟು ಮತ್ತು ಭಾರಚಕ್ರ ಜೋಡಿಸಿದ ಲೇತಿನ ಚಿತ್ರವಿದೆ. ತಿರುಗುವುದು ಒಂದೇ ಕಡೆಗೆ ಎಂದಾದ ಮೇಲೆ ಮರ ಹಿಡಿಯುವ ಸಾಧನವನ್ನು, ಅಂದರೆ ಚಕ್ಕನ್ನು, ತಿರುಗುವ ಅಚ್ಚಾದ ಸ್ಪಿಂಡಲ್ಲಿನ ಮೂತಿಗೆ ತಿರುಪಿ ಕೂರಿಸುವುದು ಸುಲಭವಾಯಿತು. ಲಂಡನ್ನಿನ ಹೋಲ್ಟ್‌ಜಾಫೆಲ್ ಮನೆತನ 1795ರಿಂದ ಶ್ರೀಮಂತ ಹವ್ಯಾಸಿಗಳಿಗಾಗಿ ಅಂದದ ಲೇತುಗಳನ್ನು ಮಾಡಿ ಮಾರಿತು. ಆ ಲೇತುಗಳ ಮೂತಿಯ ಥ್ರೆಡ್ಡಿನ ಲೆಕ್ಕ ಇಂಚಿಗೆ 9.45 ಸುತ್ತು! ಥ್ರೆಡ್ಡಿಗೆ ಊರಿಗೊಂದು ಅಳತೆ ಇದ್ದ ಕಾಲವದು; ಎಂಜಿನಿಯರ್ ವಿಟ್ವರ್ತ್ ಒಂದು ಸಮಾನ ಅಳತೆಯನ್ನು ಮುಂದಿಟ್ಟದ್ದು 1841ರಲ್ಲಿ. ಅದೇ ಹೊತ್ತಿಗೆ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸೈಮನ್ ಫೇರ್‌ಮನ್, ಎಲ್ಲ ದವಡೆಗಳೂ ಒಟ್ಟಿಗೆ ಸರಿಯುವ ಚಕ್ಕನ್ನು ರೂಪಿಸಿದರು. ಅವರ ಅಳಿಯ ಆಸ್ಟಿನ್ ಕುಶ್‌ಮನ್ 1862ರಲ್ಲಿ ಅದನ್ನು ಇನ್ನಷ್ಟು ತಿದ್ದಿದರು. ಕಬ್ಬಿಣದ ಕೆಲಸಕ್ಕೆ ಹುಟ್ಟಿದ ಆ ಚಕ್ಕು ನಾಲ್ಕು ದವಡೆಯ ರೂಪದಲ್ಲಿ ಮರದ ಲೇತಿಗೆ ವ್ಯಾಪಕವಾಗಿ ಬಂದದ್ದು 20ನೇ ಶತಮಾನದ ಕೊನೆಯ ದಶಕಗಳಲ್ಲಿ.

ಅಪಾಯದ ಬೇರು ಇರುವುದು ಆ ತಿರುಪಿನಲ್ಲಿ. ಸ್ಪಿಂಡಲ್ಲಿನ ಥ್ರೆಡ್ಡು ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಬಲಗೈ ಥ್ರೆಡ್ಡು. ಲೇತು ಮುಂದಕ್ಕೆ ತಿರುಗುವಾಗ ಉಳಿ ಮರವನ್ನು ತಡೆದಷ್ಟೂ ಚಕ್ಕು ಬಿಗಿಯಾಗುತ್ತದೆ. ಹಿಂದಕ್ಕೆ ತಿರುಗುವಾಗ ಅದೇ ತಡೆ ಚಕ್ಕನ್ನು ಬಿಚ್ಚುತ್ತದೆ, ಬಾಟಲಿಯ ಮುಚ್ಚಳದಂತೆ. ಯುರೋಪಿನ ಎಷ್ಟೋ ಲೇತುಗಳಲ್ಲಿ ಥ್ರೆಡ್ಡಿನ ಅಳತೆ 33 ಮಿ.ಮೀ., ಪ್ರತಿ ಸುತ್ತಿಗೆ 3.5 ಮಿ.ಮೀ. ಸರಿತ. 25 ಮಿ.ಮೀ. ಥ್ರೆಡ್ಡು ಕಚ್ಚಿದ್ದರೆ ಪೂರ್ತಿ ಬಿಚ್ಚಲು ಏಳು ಸುತ್ತು ಸಾಕು. ನಿಮಿಷಕ್ಕೆ 500 ಸುತ್ತಿನ ವೇಗದಲ್ಲಿ ಉಳಿ ಕಚ್ಚಿ ಮರ ನಿಂತುಬಿಟ್ಟರೆ, ಆ ಏಳು ಸುತ್ತಿಗೆ ಒಂದು ಸೆಕೆಂಡೂ ಬೇಡ.

ಹಳೆಯ ಲೇತು ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ದೊಡ್ಡ ತಟ್ಟೆ ಕಡೆಯಲು ಸ್ಪಿಂಡಲ್ಲಿನ ಹಿಂತುದಿಯನ್ನೂ ಬಳಸುತ್ತಿದ್ದ ಲೇತುಗಳಲ್ಲಿ, ಆ ತುದಿಗೆ ಅವರು ಎಡಗೈ ಥ್ರೆಡ್ಡು ಹಾಕುತ್ತಿದ್ದರು. ಅದಕ್ಕೆಂದೇ ಎಡಗೈ ಥ್ರೆಡ್ಡಿನ ಬೇರೆ ತಟ್ಟೆಯನ್ನೂ ಕೊಡುತ್ತಿದ್ದರು. ಯಾಕೆಂದರೆ ಆ ಕಡೆಯಿಂದ ನೋಡಿದರೆ ಅದೇ ಸ್ಪಿಂಡಲ್ಲು ಉಲ್ಟಾ ತಿರುಗುತ್ತಿರುತ್ತದೆ. ತಲೆಭಾಗವನ್ನೇ ಸರಿಸಬಲ್ಲ, ತಿರುಗಿಸಬಲ್ಲ ಲೇತುಗಳು ಬಂದ ಮೇಲೆ ಹಿಂತುದಿಯ ಬಳಕೆ ಕಡಿಮೆಯಾಯಿತು. ಎಡಗೈ ಥ್ರೆಡ್ಡಿನ ಜೊತೆ ಅದರ ಹಿಂದಿದ್ದ ಎಚ್ಚರವೂ ಹಲವು ಕಡೆ ಮರೆತುಹೋಯಿತು. ಅಷ್ಟರಲ್ಲಿ ವೇಗ ನಿಯಂತ್ರಿಸುವ ವಿದ್ಯುತ್ ಮೋಟಾರು ಒಂದು ಗುಂಡಿಯನ್ನು ಹೊತ್ತು ತಂದಿತು: ರಿವರ್ಸ್.

ಆ ಗುಂಡಿ ಬೇಡವೆಂದಲ್ಲ. ಉಪ್ಪುಕಾಗದ ಉಜ್ಜುವಾಗ ಒಂದೇ ದಿಕ್ಕಿಗೆ ಮಲಗಿದ ಮರದ ಎಳೆಗಳು, ಲೇತು ಹಿಂದಕ್ಕೆ ತಿರುಗಿದರೆ ಎದ್ದು ನಿಂತು ಕತ್ತರಿಸಿಕೊಳ್ಳುತ್ತವೆ. ಹೊಳಪು ಬೇರೆಯೇ ಬರುತ್ತದೆ. ಆಳದ ಪಾತ್ರೆಯ ಒಳಗೋಡೆಯನ್ನು ಕೆಲವರು ಹಿಮ್ಮುಖವಾಗಿ ಕೊರೆಯುವುದು, ಆಗ ಉಳಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆಂದು. ಆದರೆ ಚಕ್ಕು ಬಿಚ್ಚದಂತೆ ಹಿಡಿಯುವ ಬೀಗ ಅಗತ್ಯ. ಒಳ್ಳೆಯ ಚಕ್ಕುಗಳ ಕತ್ತಿನಲ್ಲಿ ಗ್ರಬ್ ಸ್ಕ್ರೂ ಎಂಬ ಪುಟ್ಟ ತಿರುಪು ಇರುತ್ತದೆ. ಸ್ಪಿಂಡಲ್ಲಿನಲ್ಲಿ ಅದು ಕೂರಲು ಕಚ್ಚು ಕೊರೆದಿರುತ್ತದೆ. ಕಚ್ಚಿಲ್ಲದ ಸ್ಪಿಂಡಲ್ಲಿನ ಮೇಲೆ ಉಕ್ಕಿನ ಸ್ಕ್ರೂ ಬಿಗಿದರೆ ಥ್ರೆಡ್ಡು ಗಾಯಗೊಳ್ಳುತ್ತದೆ, ತುದಿಗೆ ಹಿತ್ತಾಳೆಯ ತುಣುಕು ಬೇಕು. ಚಕ್ಕು ಸ್ಪಿಂಡಲ್ಲಿನ ಭುಜಕ್ಕೆ ಪೂರ್ತಿ ತಾಗಿ ಕೂತಿರಬೇಕು. ನಡುವೆ ಒಂದು ಹೊಟ್ಟಿನ ಚೂರು ಸಿಕ್ಕಿದರೂ ಬಿಗಿತ ಸುಳ್ಳು.

ಬೀಗ ಹಾಕಿದ ಮೇಲೂ ಭಾರದ ಮರ ತನ್ನ ಜಡತೆಯನ್ನು ಬಿಡುವುದಿಲ್ಲ. ಹಿಮ್ಮುಖವಾಗಿ ಹೊರಡುವಾಗ ಜಗ್ಗುವುದು ಎಷ್ಟು ಅಪಾಯವೋ, ಮುಂದಕ್ಕೆ ಓಡುತ್ತಿದ್ದ ಲೇತು ಬ್ರೇಕ್ ಬಿದ್ದು ತಟಕ್ಕನೆ ನಿಲ್ಲುವುದೂ ಅಷ್ಟೇ: ಸ್ಪಿಂಡಲ್ಲು ನಿಂತರೂ ಚಕ್ಕು ಮುಂದಕ್ಕೋಡಿ ಬಿಚ್ಚಿಕೊಳ್ಳಬಹುದು. ಅದಕ್ಕೇ ಕಡಿಮೆ ವೇಗದಿಂದ ಶುರು ಮಾಡಬೇಕು, ನಿಲ್ಲುವ ಸಮಯವನ್ನು ಉದ್ದವಾಗಿ ಹೊಂದಿಸಬೇಕು. ಸಾಧ್ಯವಿದ್ದಲ್ಲೆಲ್ಲ ಎದುರು ತುದಿಯಿಂದ ಮರಕ್ಕೆ ಆಸರೆ ಕೊಡಬೇಕು. ಮುಖಕ್ಕೆ ಪೂರ್ತಿ ಮುಚ್ಚುವ ಕವಚ ಬೇಕು. ಮರ ಹಾರಬಹುದಾದ ನೇರದಲ್ಲಿ ನಿಲ್ಲಬಾರದು.

ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ ಸಣ್ಣ ಲೇತುಗಳಲ್ಲಿ 1 ಇಂಚು ಅಗಲದ, ಇಂಚಿಗೆ 8 ಥ್ರೆಡ್ಡಿನ ಮೂತಿ ಸಾಮಾನ್ಯ. ಅವುಗಳಲ್ಲಿ ಕೆಲವಕ್ಕೆ ರಿವರ್ಸ್ ಗುಂಡಿ ಇದೆ, ಸ್ಪಿಂಡಲ್ಲಿಗೆ ಕಚ್ಚಿಲ್ಲ. ಎಡಗೈ ಥ್ರೆಡ್ಡು ಕೊರೆಯುವಷ್ಟು ಕಾಳಜಿ ನೂರು ವರ್ಷದ ಹಿಂದೆ ಇದ್ದ ಕಸುಬಿನಲ್ಲಿ, ಒಂದು ಕಚ್ಚು ಮತ್ತು ಒಂದು ಸ್ಕ್ರೂ ದುಬಾರಿಯಾಗಬಾರದು. ಕೊಳ್ಳುವವರು ಹಣ ಕೊಡುವ ಮುಂಚೆ ಇದನ್ನು ಕೇಳಬೇಕು. ಬೀಗ ಇಲ್ಲವೆಂದಾದರೆ ಆ ಲೇತಿನಲ್ಲಿ ಹಿಮ್ಮುಖದ ಕೆಲಸಕ್ಕೆ ಕೈಹಾಕದೆ, ಉಪ್ಪುಕಾಗದವನ್ನು ಮುಂದಕ್ಕೆ ತಿರುಗುವ ಮರಕ್ಕೇ ಹಿಡಿಯಬೇಕು.